ಇಡಿಐ ಕೆಲಸಗಾರರ ಹುದ್ದೆ ಮತ್ತು ಸಂಬಳ: ಮಾಲೂರಿನ ಓದುಗರಿಗೆ ಉತ್ತರ

ಪ್ರಶ್ನೆ: ನಾನು ಮಾಲೂರು ತಾಲ್ಲೂಕಿನವನು, ಬಿ.ಕಾಂ. ಪದವೀಧರ. ನಾಲ್ಕು ವರ್ಷಗಳಿಂದ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ತಯಾರಿಸುವ ಕಂಪನಿಯೊಂದರ ಡಿಸ್ಪ್ಯಾಚ್ ವಿಭಾಗದಲ್ಲಿದ್ದೇನೆ. ಮೊದಲು ಇನ್‌ವಾಯ್ಸ್ ಮತ್ತು ಇ-ವೇ ಬಿಲ್ ಮಾಡುತ್ತಿದ್ದೆ. ಆಮೇಲೆ ಅಮೆರಿಕ ಮತ್ತು ಜರ್ಮನಿಯ ಗ್ರಾಹಕರಿಗೆ ಎಎಸ್‌ಎನ್ (ಸರಕು ಹೊರಟಿದೆ ಎಂಬ ಮುಂಗಡ ಸೂಚನೆ) ಕಳುಹಿಸುವ ಕೆಲಸ ನನ್ನ ಪಾಲಿಗೆ ಬಂತು, ಹುದ್ದೆಗೆ ‘ಇಡಿಐ ಕೋಆರ್ಡಿನೇಟರ್’ ಎಂದು ಹೆಸರಾಯಿತು (ಇಡಿಐ ಎಂದರೆ ಕಂಪನಿಗಳ ಕಂಪ್ಯೂಟರ್‌ಗಳ ನಡುವೆ ಆರ್ಡರ್, ಇನ್‌ವಾಯ್ಸ್‌ನಂಥ ದಾಖಲೆಗಳು ನಿಗದಿತ ನಮೂನೆಯಲ್ಲಿ ನೇರವಾಗಿ ಹೋಗಿಬರುವ ವ್ಯವಸ್ಥೆ). ಕೈಗೆ 27,000 ರೂಪಾಯಿ ಬರುತ್ತದೆ, ಕಂಪನಿಯ ಬಸ್ಸು ಮತ್ತು ಕ್ಯಾಂಟೀನ್ ಉಚಿತ. ಈಗ ವೈಟ್‌ಫೀಲ್ಡ್‌ನ ಕಂಪನಿಯೊಂದು ‘ಇಡಿಐ ಅನಲಿಸ್ಟ್’ ಹುದ್ದೆಗೆ ವರ್ಷಕ್ಕೆ 6.5 ಲಕ್ಷ ಸಿಟಿಸಿ (ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ) ಕೊಡುವುದಾಗಿ ಹೇಳಿದೆ, ರಾತ್ರಿ ಪಾಳಿ ಇರುತ್ತದೆಯಂತೆ. ಜಾಹೀರಾತುಗಳಲ್ಲಿ ಸ್ಪೆಷಲಿಸ್ಟ್, ಡೆವಲಪರ್, ಕನ್ಸಲ್ಟೆಂಟ್ ಎಂದೆಲ್ಲ ಹೆಸರುಗಳಿವೆ. ಇವುಗಳಲ್ಲಿ ಯಾವುದಕ್ಕೆ ಎಷ್ಟು ಸಂಬಳ? ಎಪಿಐ (ತಂತ್ರಾಂಶಗಳು ಪರಸ್ಪರ ನೇರವಾಗಿ ಮಾಹಿತಿ ಕೇಳಿ ಪಡೆಯುವ ಹೊಸ ವಿಧಾನ) ಬಂದ ಮೇಲೆ ಇಡಿಐ ಉಳಿಯುವುದಿಲ್ಲ ಎನ್ನುತ್ತಾರೆ, ನಿಜವೇ? ನಾನು ಈ ಕೆಲಸಕ್ಕೆ ಹೋಗಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿದ್ದರೂ ಮೂರಕ್ಕೂ ಬೇರು ಒಂದೇ. ಇಡಿಐ ಕ್ಷೇತ್ರದಲ್ಲಿ ಹುದ್ದೆಯ ಹೆಸರನ್ನು ನೋಡಿ ಸಂಬಳವನ್ನು ಊಹಿಸುವುದು ಕಷ್ಟ. ಒಂದೇ ಹೆಸರಿನ ಹುದ್ದೆಗೆ ಒಂದು ಕಂಪನಿ ನಾಲ್ಕು ಲಕ್ಷ ಕೊಟ್ಟರೆ ಇನ್ನೊಂದು ಹದಿನಾಲ್ಕು ಲಕ್ಷ ಕೊಡುವುದುಂಟು, ಮತ್ತು ಇಬ್ಬರೂ ತಮ್ಮ ಮಟ್ಟಿಗೆ ಸರಿಯಾಗಿಯೇ ಕೊಡುತ್ತಿರುತ್ತಾರೆ. ಸಂಬಳವನ್ನು ನಿರ್ಧರಿಸುವುದು ಒಂದು ಸಂದೇಶ ಕೆಟ್ಟುಹೋದಾಗ ಅದನ್ನು ನೀವು ಎಷ್ಟು ಆಳದವರೆಗೆ ಬೆನ್ನಟ್ಟಿ ಸರಿಪಡಿಸಬಲ್ಲಿರಿ ಎಂಬುದು. ಆದ್ದರಿಂದ ಹೆಸರುಗಳನ್ನು ಬದಿಗಿಟ್ಟು ಮೊದಲು ಕೆಲಸದ ಮಟ್ಟಗಳನ್ನು ನೋಡೋಣ, ಸಂಬಳದ ಅಂಕಿಗಳು ಆಮೇಲೆ ತಾವಾಗಿ ಅರ್ಥವಾಗುತ್ತವೆ.

ನೀವು ದಿನವೂ ಕಾಣುವ ವ್ಯವಹಾರವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅಮೆರಿಕದ ಗ್ರಾಹಕರು ಮುಂದಿನ ವಾರಗಳ ಅಂದಾಜು ಬೇಡಿಕೆಯನ್ನು ಎಕ್ಸ್12 ಎಂಬ ಅಮೆರಿಕದ ಇಡಿಐ ಮಾನಕದ 830 ಎಂಬ ದಾಖಲೆಯಾಗಿಯೂ ಖಚಿತವಾದ ರವಾನೆ ವೇಳಾಪಟ್ಟಿಯನ್ನು 862 ಎಂಬ ದಾಖಲೆಯಾಗಿಯೂ ಕಳುಹಿಸುತ್ತಾರೆ. ಸರಕು ಹೊರಟ ಮೇಲೆ, ಅದು ಅವರ ಗೋದಾಮಿನ ಬಾಗಿಲಿಗೆ ತಲುಪುವ ಮುನ್ನವೇ, ನೀವು 856, ಅಂದರೆ ಎಎಸ್‌ಎನ್, ಕಳುಹಿಸಬೇಕು. ಆಮೇಲೆ 810, ಅಂದರೆ ಇನ್‌ವಾಯ್ಸ್ ಹೋಗುತ್ತದೆ. ಯುರೋಪಿನ ಗ್ರಾಹಕರಾದರೆ ಇದೇ ಕೆಲಸಗಳನ್ನು ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ಎಡಿಫ್ಯಾಕ್ಟ್ ಮಾನಕದಲ್ಲಿ ಡೆಲ್‌ಫೋರ್, ಡೆಲ್‌ಜಿಟ್, ಡೆಸಾಡ್ವ್, ಇನ್‌ವಾಯ್ಕ್ ಎಂಬ ಸಂದೇಶಗಳು ಮಾಡುತ್ತವೆ, ಜರ್ಮನಿಯ ವಾಹನೋದ್ಯಮದಲ್ಲಿ ವಿಡಿಎ 4905, 4913 ಎಂಬ ಹಳೆಯ ರೂಪಗಳೂ ಬಳಕೆಯಲ್ಲಿವೆ. ನೀವು ಎರಡೂ ಕಡೆಯ ಗ್ರಾಹಕರನ್ನು ನೋಡಿಕೊಂಡಿದ್ದೀರಿ. ಬೆಂಗಳೂರಿನಲ್ಲಿ ಐದಾರು ವರ್ಷ ಇದೇ ಕ್ಷೇತ್ರದಲ್ಲಿದ್ದೂ ಎಕ್ಸ್12 ಬಿಟ್ಟು ಬೇರೇನನ್ನೂ ಕಾಣದವರು ಅನೇಕರಿದ್ದಾರೆ, ಹಾಗಾಗಿ ಇದನ್ನು ಸಣ್ಣ ಸಂಗತಿ ಎಂದುಕೊಳ್ಳಬೇಡಿ.

ಈ ಸರಪಳಿಯಲ್ಲಿ ಕೋಆರ್ಡಿನೇಟರ್ ಎನಿಸಿಕೊಂಡವರು ಸಾಮಾನ್ಯವಾಗಿ ದಾಖಲೆ ಹೋಯಿತೇ, ಬಂತೇ ಎಂದು ನೋಡುತ್ತಾರೆ, ಹೋಗದಿದ್ದರೆ ಮತ್ತೆ ಕಳುಹಿಸುತ್ತಾರೆ, ಗ್ರಾಹಕರ ಪೋರ್ಟಲ್‌ನಲ್ಲಿ ಅಗತ್ಯ ಬಿದ್ದಾಗ ಕೈಯಿಂದ ತುಂಬುತ್ತಾರೆ, ಎರಡೂ ಕಡೆಯವರಿಗೆ ಮೇಲ್ ಬರೆಯುತ್ತಾರೆ. ನಮ್ಮ ಜಿಲ್ಲೆಯ ಕಾರ್ಖಾನೆಗಳಲ್ಲಿ, ಅದು ನರಸಾಪುರವಾಗಲಿ ವೇಮಗಲ್ ಆಗಲಿ ಮಾಲೂರಾಗಲಿ, ಈ ಕೆಲಸ ಡಿಸ್ಪ್ಯಾಚ್ ಅಥವಾ ಪಿಪಿಸಿ (ಉತ್ಪಾದನಾ ಯೋಜನೆ) ವಿಭಾಗದೊಳಗೇ ಇರುತ್ತದೆ ಮತ್ತು ಸಂಬಳವೂ ಆ ವಿಭಾಗದ ಶ್ರೇಣಿಯನ್ನೇ ಅನುಸರಿಸುತ್ತದೆ. ನೇಮಕಾತಿಯ ಮೇಜಿನಲ್ಲಿ ನಾನು ಕಂಡಂತೆ ವರ್ಷಕ್ಕೆ ಸುಮಾರು ಎರಡೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ. ನಿಮ್ಮ ಈಗಿನ ಸಂಬಳ ಈ ವ್ಯಾಪ್ತಿಯ ನಡುವೆಯೇ ಇದೆ, ಅನ್ಯಾಯವಾಗಿದೆ ಎನ್ನಲಾಗದು. ಆದರೆ ಅದು ಅಲ್ಲಿಯೇ ನಿಲ್ಲುತ್ತದೆ, ಏಕೆಂದರೆ ಕಾರ್ಖಾನೆಗೆ ಇಡಿಐ ಎಂಬುದು ಖರ್ಚಿನ ಬಾಬತ್ತು. ಎಎಸ್‌ಎನ್ ತಡವಾಗಿ ಗ್ರಾಹಕರು ಡೆಬಿಟ್ ನೋಟ್ ಕಳುಹಿಸಿದ ದಿನ ಮಾತ್ರ ಆಡಳಿತ ವರ್ಗಕ್ಕೆ ನಿಮ್ಮ ನೆನಪಾಗುತ್ತದೆ.

ಅನಲಿಸ್ಟ್ ಎಂಬ ಹೆಸರಿನ ಕೆಳಗೆ ಎರಡು ಬೇರೆ ಬೇರೆ ಕೆಲಸಗಳು ಅಡಗಿವೆ, ನಿಮ್ಮ ನಿರ್ಧಾರವೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿರುವುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲನೆಯದು ಸಪೋರ್ಟ್ ಅನಲಿಸ್ಟ್ ಕೆಲಸ. ದೊಡ್ಡ ಕಂಪನಿಯ ಸಾವಿರಾರು ಸಂದೇಶಗಳ ಹರಿವನ್ನು ಪರದೆಯ ಮೇಲೆ ಕಾಯುವುದು, ಕೆಂಪಾದದ್ದನ್ನು ಟಿಕೆಟ್ ಮಾಡುವುದು, ಬರೆದಿಟ್ಟ ಕ್ರಮದಂತೆ ಮರುಚಾಲನೆ ಮಾಡುವುದು, ಆಗದಿದ್ದರೆ ಮೇಲಿನವರಿಗೆ ದಾಟಿಸುವುದು. ಅಮೆರಿಕದ ಹಗಲಿಗೆ ಹೊಂದಬೇಕಾದ್ದರಿಂದ ರಾತ್ರಿ ಪಾಳಿ ಇಲ್ಲಿ ಸಾಮಾನ್ಯ. ಬೆಂಗಳೂರಿನಲ್ಲಿ ಇದಕ್ಕೆ ಮೂರೂವರೆಯಿಂದ ಆರೇಳು ಲಕ್ಷದವರೆಗೆ ಕೊಡುತ್ತಾರೆ. ಎರಡನೆಯದು ನಿಜವಾದ ವಿಶ್ಲೇಷಣೆಯ ಕೆಲಸ. ಹೊಸ ಗ್ರಾಹಕರು ಕಳುಹಿಸಿದ ಇಂಪ್ಲಿಮೆಂಟೇಷನ್ ಗೈಡ್ (ದಾಖಲೆಗಳು ಹೇಗಿರಬೇಕೆಂದು ಹೇಳುವ ಕೈಪಿಡಿ) ಓದಿ, ಅವರ ಯಾವ ಸೆಗ್ಮೆಂಟಿನ (ದಾಖಲೆಯ ಸಾಲಿನ) ಯಾವ ಅಂಶ ನಮ್ಮ ಇಆರ್‌ಪಿಯ (ಕಂಪನಿಯ ವ್ಯವಹಾರವನ್ನೆಲ್ಲ ನಿರ್ವಹಿಸುವ ತಂತ್ರಾಂಶದ) ಯಾವ ಕಾಲಂಗೆ ಸೇರಬೇಕೆಂದು ಮ್ಯಾಪಿಂಗ್ ಹಾಳೆ ತಯಾರಿಸುವುದು, ಪರೀಕ್ಷೆಯ ದಾಖಲೆಗಳನ್ನು ಕಳುಹಿಸಿ ಗ್ರಾಹಕರಿಂದ ಒಪ್ಪಿಗೆ ಪಡೆಯುವುದು, ಆರಂಭದ ದಿನ ಜೊತೆಗಿರುವುದು. ಇದನ್ನು ಪಾರ್ಟ್ನರ್ ಆನ್‌ಬೋರ್ಡಿಂಗ್ ಎನ್ನುತ್ತಾರೆ. ಮೂರರಿಂದ ಆರು ವರ್ಷ ಇದನ್ನು ಮಾಡಿದವರಿಗೆ ಏಳರಿಂದ ಹನ್ನೆರಡು ಲಕ್ಷ ಸಿಗುವುದು ಅಪರೂಪವಲ್ಲ. ಎರಡೂ ಹುದ್ದೆಗಳ ನೇಮಕ ಪತ್ರದಲ್ಲಿ ‘ಇಡಿಐ ಅನಲಿಸ್ಟ್’ ಎಂದೇ ಬರೆದಿರುತ್ತದೆ.

ಡೆವಲಪರ್ ಎಂದರೆ ಆ ಮ್ಯಾಪಿಂಗ್ ಹಾಳೆಯನ್ನು ಸಾಫ್ಟ್‌ವೇರ್‌ನೊಳಗೆ ಕಟ್ಟುವವರು. ಐಬಿಎಂ ಸ್ಟರ್ಲಿಂಗ್, ಸೀಬರ್ಗರ್, ಕ್ಲಿಯೊ, ಬೂಮಿ, ಓಪನ್‌ಟೆಕ್ಸ್ಟ್, ಸ್ಯಾಪ್‌ನ ಪಿಐ ಅಥವಾ ಇಂಟಿಗ್ರೇಷನ್ ಸ್ಯೂಟ್, ಈ ತಂತ್ರಾಂಶಗಳಲ್ಲಿ ಒಂದಾದರೂ ಕೈಯಲ್ಲಿರಬೇಕು, ಜೊತೆಗೆ ಎಕ್ಸ್‌ಎಸ್‌ಎಲ್‌ಟಿ, ಜಾವಾ ಅಥವಾ ಗ್ರೂವಿಯಂಥ ಕಂಪ್ಯೂಟರ್ ಭಾಷೆ ಅಷ್ಟಿಷ್ಟು ಬರಬೇಕು. ಎಂಟರಿಂದ ಹದಿನೆಂಟು ಲಕ್ಷದ ವ್ಯಾಪ್ತಿ ಇದು. ಅಡ್ಮಿನಿಸ್ಟ್ರೇಟರ್ ಎಂಬವರು ಸರ್ವರ್, ಎಎಸ್2 (ಅಂತರ್ಜಾಲದ ಮೂಲಕ ದಾಖಲೆಗಳನ್ನು ಸುರಕ್ಷಿತವಾಗಿ ಕಳುಹಿಸುವ ವಿಧಾನ) ಸಂಪರ್ಕ, ಅದಕ್ಕೆ ಬೇಕಾದ ಡಿಜಿಟಲ್ ಪ್ರಮಾಣಪತ್ರಗಳ ಅವಧಿ ಇವನ್ನು ನೋಡಿಕೊಳ್ಳುವವರು. ಪ್ರಮಾಣಪತ್ರದ ಅವಧಿ ಮುಗಿದ ರಾತ್ರಿ ಇಡೀ ಕಂಪನಿಯ ಆರ್ಡರ್‌ಗಳು ನಿಂತುಹೋಗುವುದರಿಂದ ಇವರ ಬೆಲೆ ಕೆಲಸ ಕೆಟ್ಟಾಗಲೇ ತಿಳಿಯುತ್ತದೆ. ಲೀಡ್ ಮತ್ತು ಆರ್ಕಿಟೆಕ್ಟ್ ಹುದ್ದೆಗಳು ಹದಿನೈದರಿಂದ ಆರಂಭವಾಗಿ ಮೂವತ್ತು ಲಕ್ಷವನ್ನು ದಾಟುತ್ತವೆ. ಕನ್ಸಲ್ಟೆಂಟ್ ಎಂಬುದಕ್ಕೆ ಮಾತ್ರ ಯಾವ ಅರ್ಥವೂ ಸ್ಥಿರವಿಲ್ಲ, ಸೇವಾ ಕಂಪನಿಗಳು ಮೂರು ವರ್ಷದ ಅನುಭವದವರಿಗೂ ಅದನ್ನು ಕೊಡುತ್ತವೆ, ಸ್ಪೆಷಲಿಸ್ಟ್ ಎಂಬುದರ ಪಾಡೂ ಅದೇ. ನಾನು ಜಾಹೀರಾತು ಓದುವಾಗ ಈ ಎರಡು ಹೆಸರುಗಳನ್ನು ಓದದೆ ಕೆಳಗಿನ ಕೆಲಸದ ವಿವರಕ್ಕೆ ನೇರವಾಗಿ ಇಳಿಯುತ್ತೇನೆ.

ಇನ್ನೂ ಒಂದು ಗೊಂದಲವನ್ನು ಇಲ್ಲಿಯೇ ನಿವಾರಿಸಿಬಿಡುತ್ತೇನೆ, ಏಕೆಂದರೆ ವೈಟ್‌ಫೀಲ್ಡ್ ಎಂದ ಮೇಲೆ ಅದು ನಿಮಗೆ ಎದುರಾಗಿಯೇ ಆಗುತ್ತದೆ. ಅಲ್ಲಿಯ ಒಳನಾಡು ಕಂಟೈನರ್ ಡಿಪೊದ ಸುತ್ತಮುತ್ತ ಕಸ್ಟಮ್ಸ್ ಬ್ರೋಕರ್‌ಗಳು ಮತ್ತು ಸರಕು ಸಾಗಣೆ ಸಂಸ್ಥೆಗಳು ‘ಇಡಿಐ ಎಕ್ಸಿಕ್ಯುಟಿವ್’ ಬೇಕೆಂದು ಜಾಹೀರಾತು ಹಾಕುತ್ತಾರೆ. ಅದು ಭಾರತೀಯ ಕಸ್ಟಮ್ಸ್‌ನ ಐಸ್‌ಗೇಟ್ ಜಾಲದ ಮೂಲಕ ಆಮದಿನ ಬಿಲ್ ಆಫ್ ಎಂಟ್ರಿ ಮತ್ತು ರಫ್ತಿನ ಶಿಪ್ಪಿಂಗ್ ಬಿಲ್‌ಗಳನ್ನು ಸಲ್ಲಿಸುವ ಕೆಲಸ. ಗೌರವದ ಕೆಲಸವೇ, ಕಸ್ಟಮ್ಸ್ ಬ್ರೋಕರ್ ಪರವಾನಗಿಯ ಪರೀಕ್ಷೆ ಬರೆಯುವ ಉದ್ದೇಶವಿದ್ದರೆ ಒಳ್ಳೆಯ ಮೆಟ್ಟಿಲು ಕೂಡ. ಆದರೆ ಅದು ನಾವು ಮಾತನಾಡುತ್ತಿರುವ ವೃತ್ತಿಯಲ್ಲ, ಸಂಬಳದ ಹಾದಿಯೂ ಬೇರೆ. ಅದೇ ರೀತಿ ಅಮೆರಿಕದ ಆರೋಗ್ಯ ವಿಮೆಯ 837 ಮತ್ತು 835 ದಾಖಲೆಗಳನ್ನು ನೋಡುವ ಇಡಿಐ ಹುದ್ದೆಗಳೂ ಬೆಂಗಳೂರಿನಲ್ಲಿ ಬಹಳಷ್ಟಿವೆ. ಮಾನಕ ಅದೇ ಎಕ್ಸ್12 ಆದರೂ ಒಳಗಿನ ವ್ಯವಹಾರ ಜ್ಞಾನ ಸಂಪೂರ್ಣ ಬೇರೆ, ನಿಮ್ಮ ಡಿಸ್ಪ್ಯಾಚ್ ಅನುಭವ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ವೈಟ್‌ಫೀಲ್ಡ್‌ನ ಕಂಪನಿ ಯಾವ ಉದ್ಯಮದ್ದೆಂದು ನೀವು ಬರೆದಿಲ್ಲ. ಅದು ಉತ್ಪಾದನೆ, ಚಿಲ್ಲರೆ ಮಾರಾಟ ಅಥವಾ ಸರಕು ಸಾಗಣೆಗೆ ಸೇರಿದ್ದರೆ ಮಾತ್ರ ನಿಮ್ಮ ನಾಲ್ಕು ವರ್ಷಗಳಿಗೆ ಬೆಲೆ ಕೇಳಬಹುದು.

ಆಳದವರೆಗೆ ಬೆನ್ನಟ್ಟುವುದು ಎಂದೆನಲ್ಲ, ಅದರ ಅರ್ಥವನ್ನು ಸಂದರ್ಶನದ ಒಂದು ಪ್ರಶ್ನೆಯಿಂದ ತೋರಿಸುತ್ತೇನೆ. ನಾನು ಅಭ್ಯರ್ಥಿಗಳಿಗೆ ಬಹುಕಾಲದಿಂದ ಕೇಳುತ್ತ ಬಂದಿರುವ ಪ್ರಶ್ನೆ ಇದು: ನಾವು ಎಎಸ್‌ಎನ್ ಕಳುಹಿಸಿದ್ದೇವೆ, ಗ್ರಾಹಕರಿಂದ 997 ಎಂಬ ಸ್ವೀಕೃತಿ ದಾಖಲೆ ಬಂದಿದೆ, ಅದರಲ್ಲಿ ಸ್ವೀಕರಿಸಲಾಗಿದೆ ಎಂದಿದೆ, ಆದರೂ ಗ್ರಾಹಕರ ಗೋದಾಮಿನವರು ಎಎಸ್‌ಎನ್ ಬಂದೇ ಇಲ್ಲ ಎನ್ನುತ್ತಾರೆ. ನೀವೇನು ಮಾಡುತ್ತೀರಿ? ಅನೇಕರು ‘997 ಬಂದಿರುವುದರಿಂದ ತಪ್ಪು ಅವರದು, ಅದನ್ನು ಅವರಿಗೆ ಕಳುಹಿಸುತ್ತೇನೆ’ ಎನ್ನುತ್ತಾರೆ. ಇವರು ಸಪೋರ್ಟ್ ಕೆಲಸಕ್ಕೆ ಸಾಕು. ಮುಂದಿನ ಹಂತದವರಿಗೆ ಒಪ್ಪಿಗೆಯಲ್ಲಿ ಮೂರು ಪದರಗಳಿವೆ ಎಂಬುದು ಗೊತ್ತಿರುತ್ತದೆ. ಎಎಸ್2 ಕೊಡುವ ಎಂಡಿಎನ್ ಎಂಬ ರಸೀದಿ ಕಡತ ತಲುಪಿತು, ದಾರಿಯಲ್ಲಿ ಬದಲಾಗಲಿಲ್ಲ ಎಂಬುದನ್ನು ಮಾತ್ರ ಹೇಳುತ್ತದೆ. 997 ಕಡತದ ರಚನೆ ಮಾನಕದ ವ್ಯಾಕರಣಕ್ಕೆ ಒಪ್ಪುತ್ತದೆ ಎಂಬುದನ್ನು ಮಾತ್ರ ಹೇಳುತ್ತದೆ. ಒಳಗಿರುವ ಪರ್ಚೇಸ್ ಆರ್ಡರ್ ಸಂಖ್ಯೆ ಅವರ ಕಡತದಲ್ಲಿ ಇದೆಯೇ, ಆ ಸಾಲಿನಲ್ಲಿ ಪ್ರಮಾಣ ಇನ್ನೂ ಬಾಕಿ ಇದೆಯೇ ಎಂಬುದು ಅವರ ಇಆರ್‌ಪಿಗೆ ಬಿಟ್ಟ ವಿಷಯ, ಅಲ್ಲಿಯ ತಕರಾರು ಬಂದರೆ 824 ಎಂಬ ದಾಖಲೆಯಾಗಿ ಬರುತ್ತದೆ. ಎಲ್ಲ ಗ್ರಾಹಕರೂ 824 ಕಳುಹಿಸುವುದಿಲ್ಲ, ಹಾಗಾಗಿ ಅನುಭವಿಗಳು ಅದಕ್ಕೆ ಕಾಯದೆ ನೇರವಾಗಿ ಎಎಸ್‌ಎನ್ ತೆರೆಯುತ್ತಾರೆ.

ಇನ್ನೂ ಮೇಲಿನ ಹಂತದವರು ಆ ಕಚ್ಚಾ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ಇಟ್ಟುಕೊಂಡು ಎಚ್‌ಎಲ್ ಸೆಗ್ಮೆಂಟುಗಳನ್ನು ಬೆರಳಿಟ್ಟು ಓದುತ್ತಾರೆ. 856ರಲ್ಲಿ ರವಾನೆಯ ಕೆಳಗೆ ಆರ್ಡರ್, ಆರ್ಡರ್‌ನ ಕೆಳಗೆ ಪೆಟ್ಟಿಗೆ, ಪೆಟ್ಟಿಗೆಯ ಕೆಳಗೆ ವಸ್ತು ಎಂಬ ಶ್ರೇಣಿಯಿರುತ್ತದೆ, ಪ್ರತಿ ಎಚ್‌ಎಲ್‌ಗೂ ತನ್ನದೊಂದು ಸಂಖ್ಯೆ ಮತ್ತು ತನ್ನ ಮೇಲಿನವನ ಸಂಖ್ಯೆ ಇರುತ್ತದೆ. ಮೂರನೆಯ ಪೆಟ್ಟಿಗೆ ಎರಡನೆಯ ಆರ್ಡರ್‌ಗೆ ಸೇರಬೇಕಾದದ್ದು ಮೊದಲನೆಯದಕ್ಕೆ ಅಂಟಿಕೊಂಡಿದ್ದರೆ ವ್ಯಾಕರಣ ಸರಿಯಾಗಿಯೇ ಇರುತ್ತದೆ, 997 ಸ್ವೀಕೃತ ಎಂದೇ ಬರುತ್ತದೆ, ಗೋದಾಮಿನಲ್ಲಿ ಮಾತ್ರ ಲೇಬಲ್ ಸ್ಕ್ಯಾನ್ ಮಾಡಿದಾಗ ಏನೂ ಕಾಣುವುದಿಲ್ಲ. ಇದನ್ನು ಕಂಡುಹಿಡಿಯುವವರು, ಜೊತೆಗೆ ಪ್ಯಾಕಿಂಗ್ ಸಾಲಿನಲ್ಲಿ ಎರಡು ಆರ್ಡರ್‌ಗಳ ಸರಕನ್ನು ಒಂದೇ ಪ್ಯಾಲೆಟ್‌ಗೆ ಹಾಕಿದ್ದೇ ಇದಕ್ಕೆ ಮೂಲ ಎಂದು ಊಹಿಸಬಲ್ಲವರು, ನನ್ನ ಲೆಕ್ಕದಲ್ಲಿ ಹತ್ತು ಲಕ್ಷಕ್ಕೆ ಮೇಲ್ಪಟ್ಟ ಅಭ್ಯರ್ಥಿಗಳು. ಈ ಕೊನೆಯ ಊಹೆಯನ್ನು ಎಂಜಿನಿಯರಿಂಗ್ ಕಾಲೇಜಿನಿಂದ ನೇರವಾಗಿ ಸಾಫ್ಟ್‌ವೇರ್ ಕಂಪನಿಗೆ ಬಂದವರು ಸುಲಭವಾಗಿ ಮಾಡಲಾರರು. ಡಿಸ್ಪ್ಯಾಚ್ ಅಂಗಳದಲ್ಲಿ ನಿಂತು ಪ್ಯಾಲೆಟ್ ಎಣಿಸಿದ ನೀವು ಮಾಡಬಲ್ಲಿರಿ. ಬಿ.ಕಾಂ. ಎಂಬ ಅಳುಕು ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತದೆ, ಈ ವೃತ್ತಿಯಲ್ಲಿ ಅದಕ್ಕೆ ಕಾರಣವಿಲ್ಲ.

ಅಮೆರಿಕದ ಸಂಬಳಗಳ ಬಗ್ಗೆಯೂ ಒಂದು ಮಾತು, ಏಕೆಂದರೆ ಅಂತರ್ಜಾಲದಲ್ಲಿ ಹುಡುಕಿದಾಗ ಮೊದಲು ಸಿಗುವುದು ಅವೇ. ಅಲ್ಲಿ ಕೋಆರ್ಡಿನೇಟರ್‌ಗೆ ಸ್ಥೂಲವಾಗಿ ವರ್ಷಕ್ಕೆ 45ರಿಂದ 65 ಸಾವಿರ ಡಾಲರ್, ಅನಲಿಸ್ಟ್‌ಗೆ 65ರಿಂದ 95 ಸಾವಿರ, ಡೆವಲಪರ್‌ಗೆ ಅದಕ್ಕೂ ಮೇಲೆ, ವ್ಯವಸ್ಥಾಪಕರಿಗೆ ಒಂದು ಲಕ್ಷ ಡಾಲರ್‌ಗೂ ಹೆಚ್ಚು. ಇದನ್ನು ರೂಪಾಯಿಗೆ ಗುಣಿಸಿ ನೋಡುವುದರಿಂದ ನಿದ್ದೆ ಕೆಡುತ್ತದೆಯೇ ಹೊರತು ಪ್ರಯೋಜನವಿಲ್ಲ. ಆ ಅಂಕಿಗಳಲ್ಲಿ ಗಮನಿಸಬೇಕಾದದ್ದು ಅನುಪಾತ. ಅಲ್ಲಿ ಕೋಆರ್ಡಿನೇಟರ್‌ನಿಂದ ಅನಲಿಸ್ಟ್ ಆಗುವಾಗ ಸಂಬಳ ಸುಮಾರು ಒಂದೂವರೆ ಪಟ್ಟಾಗುತ್ತದೆ, ನಮ್ಮಲ್ಲಿ ಕಾರ್ಖಾನೆಯಿಂದ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗೆ ದಾಟುವ ಕಾರಣ ಅದೇ ಹೆಜ್ಜೆ ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ಅಷ್ಟು ದೊಡ್ಡ ಜಿಗಿತ ಒಮ್ಮೆ ಮಾತ್ರ ಸಿಗುವುದರಿಂದ ಎಲ್ಲಿಗೆ ಜಿಗಿಯುತ್ತೀರಿ ಎಂಬುದನ್ನು ನೋಡಿಕೊಳ್ಳಬೇಕು.

ಈಗ 6.5 ಲಕ್ಷದ ಸಿಟಿಸಿಯನ್ನು ಬಿಡಿಸೋಣ. ಅದರಲ್ಲಿ 50,000 ರೂಪಾಯಿ ವೇರಿಯಬಲ್ (ಸಾಧನೆಗೆ ತಕ್ಕಂತೆ ಬದಲಾಗುವ ಭಾಗ) ಎಂದೂ ಮೂಲ ವೇತನ ಸಿಟಿಸಿಯ ಅರ್ಧ, ಅಂದರೆ 3,25,000 ಎಂದೂ ಇಟ್ಟುಕೊಳ್ಳಿ. ಕಂಪನಿಯ ಪಾಲಿನ ಭವಿಷ್ಯನಿಧಿ ಮೂಲ ವೇತನದ ಶೇಕಡ 12ರಂತೆ 39,000. ಗ್ರಾಚ್ಯುಟಿಯೆಂದು ಶೇಕಡ 4.81ರಂತೆ ತೋರಿಸುವ ಮೊತ್ತ ಸುಮಾರು 15,600. ಇವನ್ನೆಲ್ಲ ಕಳೆದರೆ ತಿಂಗಳಿಗೆ ಸುಮಾರು 45,400 ಉಳಿಯುತ್ತದೆ. ಅದರಿಂದ ನಿಮ್ಮ ಪಾಲಿನ ಭವಿಷ್ಯನಿಧಿ 3,250 ಮತ್ತು ವೃತ್ತಿ ತೆರಿಗೆ 200 ಹೋದರೆ ಕೈಗೆ ಬರುವುದು 42,000ದ ಆಸುಪಾಸು. 2025–26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳದಿರುವುದರಿಂದ ಆ ಚಿಂತೆ ಇಲ್ಲ. ಆರೋಗ್ಯ ವಿಮೆಯ ಕಂತನ್ನೂ ಸಿಟಿಸಿಯೊಳಗೆ ಸೇರಿಸುವ ಕಂಪನಿಗಳಿವೆ, ಹಾಗಿದ್ದರೆ ಇನ್ನೂ ಸ್ವಲ್ಪ ಕಡಿಮೆ. ಅಂದರೆ ನಿಮ್ಮ 27,000ಕ್ಕೆ ಹೋಲಿಸಿದರೆ ತಿಂಗಳಿಗೆ 15,000 ಹೆಚ್ಚು ಬರುತ್ತದೆ, 6.5 ಲಕ್ಷವನ್ನು ಹನ್ನೆರಡರಿಂದ ಭಾಗಿಸಿದಾಗ ಕಾಣುವ 54,000 ಬರುವುದಿಲ್ಲ.

ಆ 15,000ದಲ್ಲಿ ಈಗ ಉಚಿತವಾಗಿರುವ ಬಸ್ಸು ಮತ್ತು ಊಟದ ಖರ್ಚನ್ನು ಕಳೆಯಬೇಕು. ಹಗಲು ಪಾಳಿಯಾದರೆ ಮಾಲೂರಿನವರಿಗೆ ವೈಟ್‌ಫೀಲ್ಡ್ ದೂರವಲ್ಲ. ಬಂಗಾರಪೇಟೆ ಕಡೆಯಿಂದ ಬರುವ ರೈಲು ನಿಮ್ಮನ್ನು ವೈಟ್‌ಫೀಲ್ಡ್ ನಿಲ್ದಾಣಕ್ಕೆ ತಲುಪಿಸುತ್ತದೆ, 2023ರ ಮಾರ್ಚ್‌ನಲ್ಲಿ ಆರಂಭವಾದ ಕಾಡುಗೋಡಿ ಮೆಟ್ರೊ ನಿಲ್ದಾಣ ಅದಕ್ಕೆ ಹತ್ತಿರದಲ್ಲೇ ಇದೆ. ಕೋಲಾರ ಜಿಲ್ಲೆಯ ಸಾವಿರಾರು ಜನ ಮಾಸಿಕ ಪಾಸಿನಲ್ಲಿ ಹೀಗೆಯೇ ಓಡಾಡುತ್ತಿದ್ದಾರೆ. ಆದರೆ ಸಂಜೆ ಆರೂವರೆಗೆ ಆರಂಭವಾಗಿ ಬೆಳಗಿನ ಜಾವ ಮುಗಿಯುವ ಪಾಳಿಗೆ ರೈಲು ಒದಗುವುದಿಲ್ಲ. ಕಂಪನಿಯ ಕ್ಯಾಬ್ ಮಾಲೂರಿನವರೆಗೆ ಬರುತ್ತದೆಯೇ, ಹೊಸಕೋಟೆಗೋ ಕಾಡುಗೋಡಿಗೋ ಗಡಿ ಹಾಕಿದ್ದಾರೆಯೇ ಎಂದು ಬರಹದಲ್ಲಿ ಕೇಳಿ. ಬಾರದಿದ್ದರೆ ಅಲ್ಲಿಯೇ ಪಿಜಿ ಹಿಡಿಯಬೇಕಾಗುತ್ತದೆ, ಆಗ ಹೆಚ್ಚುವರಿ ಸಂಬಳದ ಬಹುಪಾಲು ಅದಕ್ಕೇ ಹೋಗುತ್ತದೆ, ರಾತ್ರಿ ಪಾಳಿಯ ಭತ್ಯೆ ಸಿಟಿಸಿಯ ಹೊರಗಿದ್ದರೆ ಮಾತ್ರ ಅಷ್ಟಿಷ್ಟು ಸರಿಹೋಗುತ್ತದೆ. ಮನೆಯಲ್ಲಿ ಹೊಲ, ಹಸು, ವಯಸ್ಸಾದವರು ಇದ್ದರೆ ಈ ಲೆಕ್ಕ ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಎಪಿಐ ಬಂದು ಇಡಿಐ ಮುಗಿಯುತ್ತದೆ ಎಂಬ ಮಾತನ್ನು ನಾನು ಈ ಕ್ಷೇತ್ರಕ್ಕೆ ಬಂದಾಗಿನಿಂದ ಬೇರೆ ಬೇರೆ ರೂಪದಲ್ಲಿ ಕೇಳುತ್ತಿದ್ದೇನೆ, ಆಗ ಎಪಿಐ ಜಾಗದಲ್ಲಿ ಎಕ್ಸ್‌ಎಂಎಲ್ ಎನ್ನುತ್ತಿದ್ದರು. ಎಕ್ಸ್12 ಸಮಿತಿ ರೂಪುಗೊಂಡದ್ದು 1979ರಲ್ಲಿ, ಎಡಿಫ್ಯಾಕ್ಟ್‌ನ ವ್ಯಾಕರಣ ಐಎಸ್‌ಒ 9735 ಎಂದು ಒಪ್ಪಿಗೆ ಪಡೆದದ್ದು 1987ರಲ್ಲಿ. ವಾಲ್‌ಮಾರ್ಟ್ 2002ರಲ್ಲಿ ತನ್ನ ಪೂರೈಕೆದಾರರು ಎಎಸ್2 ಮೂಲಕವೇ ಬರಬೇಕೆಂದಾಗ ಬದಲಾದದ್ದು ದಾಖಲೆ ಸಾಗುವ ದಾರಿ ಮಾತ್ರ, ಒಳಗಿನ 850 (ಪರ್ಚೇಸ್ ಆರ್ಡರ್) ಮತ್ತು 810 ಹಾಗೆಯೇ ಉಳಿದವು. ಸಾವಿರಾರು ಪೂರೈಕೆದಾರರು ಒಂದೇ ಮಾನಕಕ್ಕೆ ಹೊಂದಿಕೊಂಡ ಮೇಲೆ ಅದನ್ನು ಬಿಡಿಸುವ ಖರ್ಚನ್ನು ಯಾರು ಹೊರುತ್ತಾರೆ ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿಲ್ಲದ್ದರಿಂದ ಅದು ಉಳಿದಿದೆ. ನಮ್ಮ ಜಿಎಸ್‌ಟಿ ಇ-ಇನ್‌ವಾಯ್ಸ್ ನೋಡಿ. 2020ರ ಅಕ್ಟೋಬರ್ 1ರಂದು 500 ಕೋಟಿಗಿಂತ ಹೆಚ್ಚಿನ ವಹಿವಾಟಿನ ಕಂಪನಿಗಳಿಂದ ಆರಂಭವಾಗಿ 2023ರ ಆಗಸ್ಟ್ 1ರ ಹೊತ್ತಿಗೆ ಐದು ಕೋಟಿ ಮೀರಿದವರಿಗೆಲ್ಲ ಅದು ಕಡ್ಡಾಯವಾಯಿತು. ರೂಪ ಜೆಸನ್, ಹೋಗುವ ದಾರಿ ಎಪಿಐ, ಆದರೆ ಕೆಲಸದ ಸ್ವಭಾವ ಇಡಿಐನದ್ದೇ: ನಿಗದಿತ ನಮೂನೆ, ಕಡ್ಡಾಯ ಅಂಶಗಳು, ಒಪ್ಪಿಗೆ ಅಥವಾ ತಿರಸ್ಕಾರ, ಬದಲಿಗೆ ಬರುವ ಐಆರ್‌ಎನ್ ಎಂಬ ಇನ್‌ವಾಯ್ಸ್ ನೋಂದಣಿ ಸಂಖ್ಯೆ. ಡಿಸ್ಪ್ಯಾಚ್‌ನಲ್ಲಿ ಇದನ್ನೂ ಮಾಡಿರುವ ನೀವು ಈಗಾಗಲೇ ಎರಡೂ ದಡದಲ್ಲಿದ್ದೀರಿ, ಅದನ್ನು ಬಯೋಡೇಟಾದಲ್ಲಿ ಬರೆಯಿರಿ.

ಅಪಾಯವಿರುವುದು ಬೇರೆ ಕಡೆ. ಪರದೆ ಕಾಯುವ ಸಪೋರ್ಟ್ ಕೆಲಸವನ್ನು ಸಾಫ್ಟ್‌ವೇರ್‌ಗಳೇ ದಿನೇದಿನೇ ಹೆಚ್ಚು ಮಾಡಿಕೊಳ್ಳುತ್ತಿವೆ, ತಾನಾಗಿ ಮರುಚಾಲನೆ ಮಾಡುವ, ತಾನಾಗಿ ಟಿಕೆಟ್ ಬರೆಯುವ ವ್ಯವಸ್ಥೆಗಳು ಬಂದಿವೆ. ಅದೇ ಹೊತ್ತಿಗೆ ಹಳೆಯ ವೇದಿಕೆಗಳಿಂದ ಹೊಸದಕ್ಕೆ ಸಾಗಿಸುವ ಕೆಲಸ ರಾಶಿ ಬಿದ್ದಿದೆ. ಸ್ಯಾಪ್ ತನ್ನ ಪಿಒ (ಪಿಐನ ಮುಂದಿನ ರೂಪ) ತಂತ್ರಾಂಶದ ಮುಖ್ಯ ನಿರ್ವಹಣೆಯನ್ನು 2027ರ ಕೊನೆಗೆ ಮುಗಿಸುವುದಾಗಿ ಹೇಳಿರುವುದರಿಂದ ಅದರಲ್ಲಿ ಕಟ್ಟಿದ ನೂರಾರು ಮ್ಯಾಪ್‌ಗಳನ್ನು ಇಂಟಿಗ್ರೇಷನ್ ಸ್ಯೂಟ್‌ಗೆ ಒಯ್ಯಬೇಕಾಗಿದೆ. ಪ್ರತಿಯೊಂದು ಮ್ಯಾಪ್ ಏಕೆ ಹಾಗಿದೆ ಎಂದು ಓದಿ ಹೇಳುವವರು ಆ ಯೋಜನೆಗಳಿಗೆ ಬೇಕು. ಜಾಹೀರಾತು ಹುಡುಕುವಾಗ ಇಡಿಐ ಎಂಬ ಪದಕ್ಕೇ ಅಂಟಿಕೊಳ್ಳಬೇಡಿ. ‘ಬಿ2ಬಿ ಇಂಟಿಗ್ರೇಷನ್’, ‘ಪಾರ್ಟ್ನರ್ ಆನ್‌ಬೋರ್ಡಿಂಗ್’, ‘ಸಪ್ಲೈ ಚೈನ್ ಇಂಟಿಗ್ರೇಷನ್’ ಎಂಬ ಹೆಸರುಗಳ ಕೆಳಗೆ ಇದೇ ಕೆಲಸ ಹೆಚ್ಚಿನ ಸಂಬಳಕ್ಕೆ ಕುಳಿತಿರುತ್ತದೆ.

ಹಾಗಾದರೆ ಹೋಗಬೇಕೇ? ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಆ ಹುದ್ದೆಯಲ್ಲಿ ಆನ್‌ಬೋರ್ಡಿಂಗ್ ಮತ್ತು ಮ್ಯಾಪಿಂಗ್ ಇದ್ದರೆ ಆರು ಲಕ್ಷಕ್ಕೂ ಹೋಗಿ, ಎರಡು ವರ್ಷದಲ್ಲಿ ಅದು ತಾನಾಗಿ ಹತ್ತರ ಹತ್ತಿರ ಬರುತ್ತದೆ. ಬರೀ ಪರದೆ ಕಾಯುವುದಾದರೆ ರಾತ್ರಿ ಪಾಳಿಗೆ 6.5 ಲಕ್ಷ ಸಾಲದು, ಮತ್ತು ಎರಡು ವರ್ಷದ ನಂತರ ನೀವು ಇಂದಿಗಿಂತ ಹೆಚ್ಚೇನೂ ಕಲಿತಿರುವುದಿಲ್ಲ. ಯಾವುದೆಂದು ತಿಳಿಯಲು ಎಚ್‌ಆರ್ ಅವರನ್ನು ಕೇಳಿ ಪ್ರಯೋಜನವಿಲ್ಲ, ನಿಮ್ಮ ಮೇಲಧಿಕಾರಿಯಾಗುವವರೊಂದಿಗೆ ಹತ್ತು ನಿಮಿಷ ಮಾತನಾಡಬೇಕೆಂದು ಕೇಳಿಕೊಳ್ಳಿ. ಕಳೆದ ಆರು ತಿಂಗಳಲ್ಲಿ ತಂಡ ಎಷ್ಟು ಹೊಸ ಪಾರ್ಟ್ನರ್‌ಗಳನ್ನು ಜೋಡಿಸಿತು, ಮ್ಯಾಪ್ ಬದಲಿಸುವ ಅಧಿಕಾರ ಈ ಹುದ್ದೆಗಿದೆಯೇ, ಅಥವಾ ಬದಲಾವಣೆ ಬೇರೆ ತಂಡಕ್ಕೆ ಹೋಗುತ್ತದೆಯೇ, ಪಾಳಿ ಸರದಿಯ ಮೇಲೆಯೇ, ಶಾಶ್ವತವಾಗಿ ರಾತ್ರಿಯೇ ಎಂದು ಕೇಳಿ. ಈ ಪ್ರಶ್ನೆಗಳಿಗೆ ಅವರು ತಡವರಿಸಿದರೆ ಅದೇ ಉತ್ತರ.

ಬಯೋಡೇಟಾದಲ್ಲಿ ನಿಮ್ಮ ಹುದ್ದೆಯ ಹೆಸರನ್ನು ಅನಲಿಸ್ಟ್ ಎಂದು ತಿದ್ದಬೇಡಿ, ಹಿನ್ನೆಲೆ ಪರಿಶೀಲನೆಯಲ್ಲಿ ಅನುಭವ ಪತ್ರದೊಂದಿಗೆ ಹೋಲಿಸುತ್ತಾರೆ. ಕೋಆರ್ಡಿನೇಟರ್ ಎಂದೇ ಬರೆದು ಅದರ ಕೆಳಗೆ ಯಾವ ದಾಖಲೆಗಳು, ಯಾವ ಮಾನಕಗಳು, ಎಷ್ಟು ಗ್ರಾಹಕರು, ಯಾವ ಬಗೆಯ ದೋಷಗಳನ್ನು ನೀವೇ ಕಂಡುಹಿಡಿದಿರಿ, ಎಎಸ್‌ಎನ್ ತಡವಾದ ಡೆಬಿಟ್ ನೋಟ್‌ಗಳು ನಿಮ್ಮ ಅವಧಿಯಲ್ಲಿ ಕಡಿಮೆಯಾದವೇ ಎಂಬುದನ್ನು ಬರೆಯಿರಿ. ನಿಮ್ಮ ಕಂಪನಿಯಲ್ಲಿ ಸ್ಯಾಪ್ ಇದ್ದರೆ ಬಿಡುವ ಮುನ್ನ ಐಡಾಕ್ (ಸ್ಯಾಪ್‌ನೊಳಗೆ ದಾಖಲೆಗಳನ್ನು ಸಾಗಿಸುವ ಕಡತ) ನೋಡುವ ಡಬ್ಲ್ಯುಇ02 ಮತ್ತು ಮರುಸಂಸ್ಕರಿಸುವ ಬಿಡಿ87 ಪರದೆಗಳಿಗೆ ಅನುಮತಿ ಕೇಳಿ ಪಡೆಯಿರಿ, 51 ಎಂಬ ದೋಷ ಸ್ಥಿತಿಯಲ್ಲಿ ನಿಂತ ಐಡಾಕ್ ಏಕೆ ನಿಂತಿತೆಂದು ನೀವೇ ಓದಿ ಹೇಳುವಷ್ಟಾಗಲಿ. ಮನೆಯಲ್ಲಿ ಅಭ್ಯಾಸಕ್ಕೆ ಓಪನ್‌ಎಎಸ್2 ಮತ್ತು ಬಾಟ್ಸ್ ಎಂಬ ಉಚಿತ ತಂತ್ರಾಂಶಗಳಿವೆ, ಗ್ರಾಹಕರ ನಿಜವಾದ ಕಡತಗಳನ್ನು ಮಾತ್ರ ಮನೆಗೆ ಒಯ್ಯಬೇಡಿ. ಹತ್ತಾರು ಸಾವಿರ ಶುಲ್ಕ ಕೇಳುವ ತರಬೇತಿ ಕೇಂದ್ರಗಳ ಬಗ್ಗೆ ನನಗೆ ಉತ್ಸಾಹವಿಲ್ಲ. ಗ್ರಾಹಕರು ನಿಮ್ಮ ಕಂಪನಿಗೆ ಕಳುಹಿಸಿರುವ ಇಂಪ್ಲಿಮೆಂಟೇಷನ್ ಗೈಡನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದವರಿಗೆ ಅಲ್ಲಿ ಹೊಸದಾಗಿ ಕಲಿಸುವುದು ಹೆಚ್ಚೇನಿಲ್ಲ.

ಕೊನೆಯದಾಗಿ ನೇಮಕ ಪತ್ರದ ಬಗ್ಗೆ. ನೇಮಕ ಯಾರ ಹೆಸರಿನಲ್ಲಿದೆ ಎಂದು ನೋಡಿ, ಕೆಲಸ ಒಂದು ಕಂಪನಿಯದು ಮತ್ತು ಸಂಬಳದ ಚೀಟಿ ಮೂರನೆಯವರದು ಎಂಬ ಗುತ್ತಿಗೆ ಈ ಕ್ಷೇತ್ರದಲ್ಲಿ ಬಹಳ, ಹಾಗಿದ್ದರೆ ಖಾಯಂ ಆಗುವುದು ಯಾವಾಗ ಎಂಬುದು ಬರಹದಲ್ಲಿರಲಿ. ಮೂಲ ಅಂಕಪಟ್ಟಿಗಳನ್ನು ಯಾರ ಬಳಿಯೂ ಒತ್ತೆ ಇಡಬೇಡಿ. ನೋಟಿಸ್ ಅವಧಿ 90 ದಿನವಿದ್ದರೆ ಮುಂದಿನ ಬದಲಾವಣೆಗೆ ಅದು ಅಡ್ಡಬರುತ್ತದೆ, 60ಕ್ಕೆ ಇಳಿಸಲು ಕೇಳಿ ನೋಡಬಹುದು. ಈಗಿನ ಕಂಪನಿಯಲ್ಲಿ ನಾಲ್ಕು ವರ್ಷ ಆಗಿದೆ ಎಂದಿದ್ದೀರಿ. ಖಾಯಂ ನೌಕರರಿಗೆ ಐದು ವರ್ಷ ತುಂಬಿದ ಮೇಲೆ ಗ್ರಾಚ್ಯುಟಿ ದೊರೆಯುವುದರಿಂದ ನೀವು ಸೇರಿದ ದಿನಾಂಕವನ್ನು ನೋಡಿಕೊಂಡು, ಕೆಲವೇ ತಿಂಗಳ ಅಂತರವಿದ್ದರೆ ಸೇರುವ ದಿನಾಂಕವನ್ನು ಮುಂದೂಡಲು ಕೇಳಿ. ಮೊತ್ತದ ವಿಷಯದಲ್ಲಿ, ಕೆಲಸ ಮ್ಯಾಪಿಂಗ್‌ನದ್ದೇ ಎಂದು ಖಚಿತವಾದ ಮೇಲೆ, ಎಕ್ಸ್12 ಮತ್ತು ಎಡಿಫ್ಯಾಕ್ಟ್ ಎರಡನ್ನೂ ಕಂಡಿದ್ದೇನೆ ಎಂಬ ಆಧಾರದ ಮೇಲೆ 7.25 ಲಕ್ಷ ಕೇಳಿ, ವೇರಿಯಬಲ್ ಕಡಿಮೆ ಮಾಡಿ ಸ್ಥಿರ ವೇತನಕ್ಕೆ ಸೇರಿಸಿದರೆ 6.8ಕ್ಕೆ ಒಪ್ಪಿಕೊಳ್ಳಿ.